ಸತ್ಯಾಂಶ: ಶೇ 14ರಷ್ಟು ಟೆಂಡರ್ ವೋಟ್ ಬಿದ್ದರೆ ಮರುಮತದಾನವೇ?

ಚುನಾವಣೆ ಬಂದಾಗಲೆಲ್ಲ ವಾಟ್ಸಾಪ್‌ನಲ್ಲಿ ಈ ಮೆಸೇಜ್ ಹಾಜರ್: ಬೂತ್‌ನಲ್ಲಿ ಶೇ 14ಕ್ಕಿಂತ ಜಾಸ್ತಿ ಟೆಂಡರ್ ವೋಟ್ (ತನ್ನ ಹೆಸರಲ್ಲಿ ಬೇರೆ ಯಾರೋ ಆಗಲೇ ವೋಟು ಹಾಕಿದ್ದಾಗ ಅಸಲಿ ಮತದಾರ ಕಾಗದದ ಮತಪತ್ರದಲ್ಲಿ ಹಾಕುವ ವೋಟು) ಬಿದ್ದರೆ ಮರುಮತದಾನವಂತೆ. ಅಂಥ ನಿಯಮವೇ ಇಲ್ಲ. ಪಟ್ಟಿಯಲ್ಲಿ ಹೆಸರಿಲ್ಲದಿದ್ದರೂ ಆಧಾರ್ ತೋರಿಸಿ ‘ಚಾಲೆಂಜ್ ವೋಟ್’ ಹಾಕಬಹುದು ಅನ್ನುವುದೂ ಸುಳ್ಳು.

ಟೆಂಡರ್ ವೋಟ್ ಮಾತ್ರ ನಿಜ. ನಿಮ್ಮ ಹೆಸರಲ್ಲಿ ಯಾರೋ ಆಗಲೇ ವೋಟು ಹಾಕಿ ಹೋಗಿದ್ದಾರೆ ಅನ್ನಿ. ಬೇಜಾರಾಗುತ್ತೆ, ಅಲ್ವಾ? ಆದರೂ ವಾಪಸ್ ಹೊರಡಬೇಡಿ. 1961ರ ಚುನಾವಣಾ ನಿಯಮ 49ಪಿ ಪ್ರಕಾರ, ಗುರುತು ಸಾಬೀತಾದರೆ ಅಧಿಕಾರಿ ನಿಮಗೆ ಕಾಗದದ ಮತಪತ್ರ ಕೊಡಬೇಕು. ಮುದ್ರೆ ಒತ್ತಿ ಮಡಚಿ ಕೊಟ್ಟರೆ ಅದು ಲಕೋಟೆ ಸೇರುತ್ತದೆ. ಎಣಿಕೆಯ ದಿನ ಆ ಲಕೋಟೆ ತೆರೆಯುವುದಿಲ್ಲ. ಫಲಿತಾಂಶದ ಜಗಳ ಕೋರ್ಟಿಗೆ ಹೋದಾಗ ಅದು ಲೆಕ್ಕಕ್ಕೆ ಬರಬಹುದು.