ಹೆ ಶೌ ವೂ ಬೇರು ತಿಂದ್ರೆ ನರೆಕೂದಲು ಕಪ್ಪಾಗುತ್ತಾ?

ಚೀನಾದ ಯಾವುದೋ ಬೇರಿನ ಪುಡಿ ತಿಂದ್ರೆ ಬಿಳಿ ಕೂದಲು ಬುಡದಿಂದ್ಲೇ ಕಪ್ಪಾಗುತ್ತೆ, ಸೈಡ್ ಎಫೆಕ್ಟ್ ಏನೂ ಇಲ್ಲ ಅನ್ನೋ ಫಾರ್ವರ್ಡ್ ಆಗಾಗ ಬರ್ತಾನೇ ಇರುತ್ತೆ. ಬೇರು ನಿಜವಾಗ್ಲೂ ಇದೆ, ಹೆಸರು ಹೆ ಶೌ ವೂ, ಚೀನೀ ವೈದ್ಯದಲ್ಲಿ ಶತಮಾನಗಳಿಂದ ಬಳಸ್ತಾರೆ, ಅದನ್ನ ತಿಂದ ಮುದುಕನ ತಲೆ ಕಪ್ಪಾಯ್ತು ಅನ್ನೋ ಕಥೆನೂ ಅಲ್ಲಿಯದ್ದೇ. ಆದ್ರೆ ಕೂದಲು ಕಪ್ಪಾಗುತ್ತೆ ಅನ್ನೋಕೆ ಮನುಷ್ಯರಲ್ಲಿ ಗಟ್ಟಿ ಪುರಾವೆ ಇಲ್ಲ. ಸೈಡ್ ಎಫೆಕ್ಟ್ ಇಲ್ಲ ಅನ್ನೋದಂತೂ ತಪ್ಪೇ ತಪ್ಪು, ಇದನ್ನ ತಗೊಂಡು ಲಿವರ್‌ಗೆ ಪೆಟ್ಟು ಬಿದ್ದು ಕಾಮಾಲೆ ಆದ ಕೇಸ್‌ಗಳು ಚೀನಾದಲ್ಲೇ ಎಷ್ಟೋ ದಾಖಲಾಗಿವೆ, ಬ್ರಿಟನ್‌ನಲ್ಲಿ 2006ರಲ್ಲೇ ಸರ್ಕಾರಿ ಎಚ್ಚರಿಕೆ ಬಂದಿತ್ತು.

ಚೀನೀ ವೈದ್ಯರು ಟಾನಿಕ್ ಅಂತ ಕೊಡೋದು ಕಪ್ಪು ಸೋಯಾಕಾಳಿನ ರಸದಲ್ಲಿ ಬೇಯಿಸಿ ಒಣಗಿಸಿದ ಬೇರು, ಸಂಸ್ಕರಿಸದೇ ಇರೋದನ್ನ ಕೊಡೋದು ಭೇದಿ ಆಗೋಕೆ! ಪೊಟ್ಟಣದ ಪುಡಿ ಯಾವುದು ಅಂತ ನೋಡಿ ಹೇಳೋಕಾಗಲ್ಲ, ಸಂಸ್ಕರಿಸಿದ್ದು ತಿಂದವರಿಗೂ ಲಿವರ್ ತೊಂದರೆ ಆಗಿದೆ. ಮನುಷ್ಯನ ಆಕಾರದ ಬೇರಿನ ಫೋಟೋ ಬರುತ್ತಲ್ಲ, ಅಂಥವು ಎಷ್ಟೋ ಅಚ್ಚಿನಲ್ಲಿ ಬೆಳೆಸಿದ ಗೆಡ್ಡೆಗಳು.

ನೀವೇ ಚೆಕ್ ಮಾಡ್ಬೇಕಾ? ಪಾಲಿಗೋನಮ್ ಮಲ್ಟಿಫ್ಲೋರಮ್ ಅನ್ನೋ ಈ ಬೇರಿನ ಸಸ್ಯದ ವೈಜ್ಞಾನಿಕ ಹೆಸರಿನ ಜೊತೆ ಲಿವರ್ ಅಂತ ಸೇರಿಸಿ ಹುಡುಕಿ, ಮಾರೋರ ಪೇಜ್ ಬಿಟ್ಟು ಆಸ್ಪತ್ರೆ, ಸರ್ಕಾರದ ಪೇಜ್ ಓದಿ. ಮೊದಲು-ಆಮೇಲೆ ಫೋಟೋನ ಇಮೇಜ್ ಸರ್ಚ್‌ಗೆ ಹಾಕಿ, ಅದೇ ತಲೆ ಬೇರೆ ಎಣ್ಣೆಯ ಜಾಹೀರಾತಲ್ಲೂ ಸಿಗಬಹುದು. ಈಗಾಗ್ಲೇ ತಗೊಳ್ತಿದ್ದು ಕಣ್ಣು ಹಳದಿ ಆದ್ರೆ ಅಥವಾ ಮೂತ್ರದ ಬಣ್ಣ ಗಾಢವಾದ್ರೆ ನಿಲ್ಲಿಸಿ, ಪೊಟ್ಟಣದ ಸಮೇತ ಡಾಕ್ಟರ್ ಹತ್ರ ಹೋಗಿ.