ಪುಳಿಯೋಗರೆ ಡಬ್ಬಿಯ ಮುಚ್ಚಳ

"ವೈಕಿಂಗರ ಕೋಟೆ ತೋರಿಸ್ತೀನಿ ಬಾ" ಅಂತ ಹೆಂಡತಿಯನ್ನು ಹೊರಡಿಸಿದ್ದೇ ನನ್ನ ಮೊದಲ ತಪ್ಪು. ವೈಕಿಂಗರು ಅಂದರೆ ಸಾವಿರಕ್ಕೂ ಹೆಚ್ಚು ವರ್ಷದ ಹಿಂದೆ ಸ್ವೀಡನ್, ಡೆನ್ಮಾರ್ಕ್ ಕಡೆಯಿಂದ ಹಡಗೇರಿ ಲೂಟಿಗೆ ಹೊರಡುತ್ತಿದ್ದ ಜನ. ಲಾಟ್ವಿಯಾದ ಕಡಲ ತೀರದ ಲಿಯೆಪಾಯದಿಂದ ಗ್ರೊಬಿನ್ಯ ಹತ್ತು ಹನ್ನೊಂದು ಕಿಲೋಮೀಟರ್ ಅಷ್ಟೇ. ಬಸ್ಸಿನಲ್ಲಿ ಒಂದು ತೂಕಡಿಕೆ ಮುಗಿಯುವುದರೊಳಗೆ ಊರು ಬಂತು.

ಕೋಟೆಯೇನೋ ಇತ್ತು. ಪಾಳು ಗೋಡೆಗಳು, ಪಕ್ಕದಲ್ಲಿ ಆಲಂಡೆ ಹೊಳೆ. ನಾನು ಎದೆ ಉಬ್ಬಿಸಿ ಹತ್ತು ಫೋಟೊ ತೆಗೆಸಿಕೊಂಡೆ. ಎರಡರಲ್ಲಿ ತಲೆ ಮೇಲೆ ಬೆರಳಿಟ್ಟು ಕೊಂಬು ಬೇರೆ! ಅಷ್ಟರಲ್ಲಿ ಆಕೆ ಫೋನಿನಲ್ಲಿ ಹುಡುಕಿ ಓದಿದಳು. "ರೀ, ಇದು ಜರ್ಮನ್ ನೈಟ್‌ಗಳು, ಅಂದ್ರೆ ಕುದುರೆ ಏರೋ ಯೋಧರು, ಕಟ್ಟಿಸಿದ್ದಂತೆ. ನಿಮ್ಮ ವೈಕಿಂಗರು ಹೋಗಿ ನಾನೂರು ವರ್ಷ ಆದ್ಮೇಲೆ. ಅಂದ ಹಾಗೆ ಅವರ ಟೋಪಿಗೆ ಕೊಂಬೂ ಇರ್ಲಿಲ್ವಂತೆ."

ನಾನು ಮಾತು ಬದಲಿಸಿದೆ. ಈ ಊರಿನ ಹಳೆಯ ಹೆಸರು ಸೀಬುರ್ಗ್ ಅಂತ ಬಹಳಷ್ಟು ಪಂಡಿತರು ಹೇಳುತ್ತಾರೆ. 9ನೇ ಶತಮಾನದ ಪಾದ್ರಿ ರಿಂಬರ್ಟ್ ಬರೆದ ಪ್ರಕಾರ ಅಲ್ಲಿ 7,000 ಯೋಧರಿದ್ದರು. (ಇವತ್ತು ಊರಿನ ಮಕ್ಕಳು ಮರಿ ಎಲ್ಲಾ ಸೇರಿದರೂ ಅಷ್ಟಾಗಲ್ಲ.) ಇಲ್ಲಿನ ಕುರೋನಿಯನ್ ಜನರ ಮೇಲೆ ಮೊದಲು ಡೆನ್ಮಾರ್ಕಿನ ಡೇನರು ಏರಿ ಬಂದು ಚೆನ್ನಾಗಿ ಒದೆ ತಿಂದರು. ಆಮೇಲೆ ಸ್ವೀಡನ್ನಿನ ರಾಜ ಓಲಾಫ್ ಬಂದು ಊರನ್ನೇ ಸುಟ್ಟ.

ಕಥೆ ಹೇಳುತ್ತಾ ಹಸಿವಾಯಿತು. ಊರಾಚೆ ಹುಲ್ಲು ಬೆಳೆದ ಒಂದು ದಿಬ್ಬ ಸಿಕ್ಕಿತು. ಮೇಲೆ ಚಕ್ಕಂಬಕ್ಕಳ ಹಾಕಿ ಪುಳಿಯೋಗರೆ ಬಿಚ್ಚಿದೆವು. ಅರ್ಧ ಡಬ್ಬಿ ಖಾಲಿಯಾದ ಮೇಲೆ ಗಮನಿಸಿದೆ, ಸುತ್ತ ಅಂಥದ್ದೇ ದಿಬ್ಬಗಳು. ಎಲ್ಲಾ ಸಮಾಧಿಗಳು! ಸುಮಾರು 650ರಿಂದಲೇ ಎದುರುಗಡೆಯ ಗಾಟ್ಲೆಂಡ್ ದ್ವೀಪದಿಂದ, ಸ್ವೀಡನ್ನಿನಿಂದ ಬಂದು ನೆಲೆಸಿದ ಜನ. ಅಂದರೆ ವೈಕಿಂಗ್ ಯುಗ ಶುರುವಾಗುವುದಕ್ಕೂ ಮೊದಲೇ. ಸುಮ್ನೆ ಲೂಟಿಗೆ ಬಂದವರಲ್ಲ, ಸಂಸಾರವಂದಿಗರು. 1929–30ರಲ್ಲಿ ಬಿರ್ಯೆರ್ ನೆರ್ಮನ್ ಎಂಬ ಸ್ವೀಡನ್ನಿನ ಪುರಾತತ್ವಜ್ಞ ಇಲ್ಲಿ ಅಗೆಸಿದ. ಗಾಟ್ಲೆಂಡಿನ ಹೆಂಗಸರು ಸೆರಗಿಗೆ ಸಿಕ್ಕಿಸುವ ಥರದ ಪಿನ್ನುಗಳು ಈ ಊರಲ್ಲಿ ಸಿಕ್ಕಿವೆ. ಪಿನ್ನು ನೋಡಿಯೇ ಅವರ ತವರು ಯಾವುದು ಅಂತ ಹೇಳಿಬಿಟ್ಟರು.

"ನೋಡಿ, ಅವರ ಯಜಮಾನರು ಸರಿಯಾದ ಜಾಗಕ್ಕೇ ಕರ್ಕೊಂಡು ಬಂದಿದ್ರು" ಅಂದಳು.

ದಿಬ್ಬಕ್ಕೆ ಕೈ ಮುಗಿದು ದಡಬಡ ಇಳಿದೆವು. ಬಸ್ಸು ಲಿಯೆಪಾಯ ಮುಟ್ಟುವ ಹೊತ್ತಿಗೆ ಆಕೆ ಚೀಲ ತಡಕಾಡಿದಳು.

"ರೀ, ಡಬ್ಬಿ ಮುಚ್ಚಳ ಎಲ್ಲಿ? ನಮ್ಮಮ್ಮನ ಹೆಸರು, ತುಮಕೂರು ಅಂತ ಕೆತ್ತಿಸಿದ್ದು!"