ಬೋರ್ಡ್ ಬದಲಾಯಿಸುವ ಮೊದಲು ಜಾಲರಿ ನೋಡಿ

ಗ್ಯಾಸ್ ಗೀಸರಿನ ಡಿಸ್‌ಪ್ಲೇಯಲ್ಲಿ ಇ1 ಎಂಬ ದೋಷದ ಕೋಡ್ ಬಂದರೆ ಅದನ್ನು ನಡೆಸುವ ಕಂಟ್ರೋಲ್ ಬೋರ್ಡ್ ಹೋಗಿದೆ ಎಂದು ಲೇಖನದಲ್ಲಿ ಬರೆದಿದ್ದೀರಿ. ಅಷ್ಟು ಬೇಗ ಬೋರ್ಡಿಗೆ ಕೈ ಹಾಕಿಸಬೇಡಿ ಸಾರ್, ಸುಮ್ನೆ ದುಡ್ಡು ದಂಡ. ಕೋಡ್ ಕಂಪನಿಗೊಂದು ಥರ ಇರುತ್ತದೆ, ಮ್ಯಾನುಯಲ್ ನೋಡಲೇಬೇಕು. ಹಲವು ಗೀಸರ್‌ಗಳಲ್ಲಿ ಇ1 ಅಂದರೆ ಬೆಂಕಿ ಹೊತ್ತಿಲ್ಲ ಅಂತ ಅಷ್ಟೇ. ಸಿಲಿಂಡರ್ ಬದಲಾಯಿಸಿದಾಗ ಪೈಪಿನಲ್ಲಿ ಗಾಳಿ ಉಳಿದರೂ ಹೀಗಾಗುತ್ತದೆ. ನಲ್ಲಿ ನಿಲ್ಲಿಸಿ ಮತ್ತೆ ಬಿಟ್ಟರೆ ಸರಿಹೋಗಬಹುದು. ಗ್ಯಾಸ್ ವಾಸನೆ ಬಂದರೆ ಮಾತ್ರ ಆ ಪ್ರಯತ್ನ ಬೇಡ, ರೆಗ್ಯುಲೇಟರ್ ಬಂದ್ ಮಾಡಿ.

ನಮ್ಮ ಕೋಲಾರದ ಕಡೆ ಜಾಸ್ತಿ ಕಾಟ ಕೊಡುವುದು ಬೋರ್ ನೀರು. ಬಕೆಟ್ಟಿಗೆ ಬಿಳಿ ಪದರ ಕಟ್ಟುತ್ತದಲ್ವಾ, ಅದೇ ಗೀಸರಿನ ಕೊಳವೆಯೊಳಗೂ ಕಟ್ಟುತ್ತದೆ. ನೀರು ಸಣ್ಣಗಾಗುತ್ತದೆ, ಬಿಸಿ ಮಿತಿ ಮೀರುತ್ತದೆ, ಗೀಸರ್ ತಾನಾಗಿಯೇ ಆಫ್. ರಿನ್ನೈ ಕಂಪನಿಯ ಹಲವು ಗೀಸರ್‌ಗಳಲ್ಲಿ ಈ ಪದರ ಕಟ್ಟಿದ್ದನ್ನು ತಿಳಿಸಲೆಂದೇ ಎಲ್‌ಸಿ ಎಂಬ ಕೋಡ್ ಇದೆ. ಗ್ಯಾಸ್, ನೀರು ಎರಡನ್ನೂ ಬಂದ್ ಮಾಡಿ, ನೀರು ಒಳಹೋಗುವ ಕಡೆ ಕಸ ತಡೆಯಲು ಇರುವ ಜಾಲರಿ ಬಿಚ್ಚಿ ತೊಳೆಯಿರಿ. ಇದು ಮನೆಯಲ್ಲೇ ಆಗುವ ಕೆಲಸ. ಕೊಳವೆಯ ಪದರ ತೆಗೆಯಲು ಮೆಕ್ಯಾನಿಕ್ ಬರಲಿ. ಕೋಡ್ ಹೋಗಲಿ ಅಂತ ಅಪಾಯವಾದಾಗ ಗೀಸರ್ ನಿಲ್ಲಿಸುವ ಸೆನ್ಸರನ್ನೇ ತಪ್ಪಿಸಿ ಅದರ ವೈರನ್ನು ನೇರ ಜೋಡಿಸುವವರೂ ಇದ್ದಾರೆ, ಅಂಥವರಿಗೆ ಗೀಸರ್ ಮುಟ್ಟಲು ಬಿಡಬೇಡಿ.

ಇನ್ನೊಂದು ವಿಷಯ. ಬಚ್ಚಲುಮನೆಯ ಗಾಳಿಕಿಂಡಿ ಬಗ್ಗೆ ಲೇಖನದಲ್ಲಿ ಒಂದು ಸಾಲೂ ಇಲ್ಲ. ಗಾಳಿ ಸಾಲದೆ ಗ್ಯಾಸ್ ಉರಿದರೆ ಹುಟ್ಟುವ ವಿಷಾನಿಲ ಕಾರ್ಬನ್ ಮೊನಾಕ್ಸೈಡಿಗೆ ವಾಸನೆಯೇ ಇರುವುದಿಲ್ಲ. ದಯವಿಟ್ಟು ಸೇರಿಸಿ.